ಕಿಲಾರಿಯ ಪೆರೋಲ್ ಅರ್ಜಿ

ನಾನು ಗುಮಾಸ್ತನಾಗಿರುವ ಜೈಲು ಚಳ್ಳಕೆರೆಯಿಂದ ಬಸ್ಸಿನಲ್ಲಿ ದಿನವೂ ಹೋಗಿಬರುವಷ್ಟು ದೂರದಲ್ಲಿದೆ. ಯಾವುದೆಂದು ಹೇಳುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಇಡೀ ದಿನದಲ್ಲಿ ನನ್ನೊಡನೆ ಬಾಯ್ತುಂಬ ಮಾತಾಡುತ್ತಿದ್ದವನು ಒಬ್ಬ ಕೈದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಅವನು ಮೊಳಕಾಲ್ಮೂರು ಕಡೆಯ ಕಿಲಾರಿ. ನಮ್ಮ ಸೀಮೆಯ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳಿರುತ್ತವೆ. ಅವುಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಮನುಷ್ಯರ ಹಾಗೆಯೇ ಮಣ್ಣು ಮಾಡಬೇಕು. ಅವುಗಳನ್ನು ಕಾಯುವವನೇ ಕಿಲಾರಿ. ಯಾವುದೋ ಜಗಳದಲ್ಲಿ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ಒಳಗೆ ಬಂದಿದ್ದ. ನೋಡಲು ಯಾರೂ ಬರುತ್ತಿರಲಿಲ್ಲ. ಅರ್ಜಿ ಬರೆಸುವ ನೆಪದಲ್ಲಿ ನನ್ನ ಮೇಜಿನ ಮುಂದೆ ಕೂತು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಎತ್ತುಗಳ ಗುಣಗಾನ ಮಾಡುತ್ತಿದ್ದ. ನಾನೂ ಅದೇ ಕಡೆಯವನು. ಬೇಕಂತಲೇ ನಿಧಾನವಾಗಿ ಬರೆಯುತ್ತಿದ್ದೆ.

ಆಮೇಲೆ ಕಚೇರಿಗೆ ಎಐ ಬಂತು. ಕೈದಿ ಹೇಳಿದ್ದನ್ನು ಕೇಳಿಸಿಕೊಂಡು, ಕಾರಣವನ್ನು ತಾನೇ ವಿಂಗಡಿಸಿ, ಚೊಕ್ಕ ಕನ್ನಡದಲ್ಲಿ ಅರ್ಜಿ ತಯಾರಿಸಿ ಕೊಡುತ್ತದೆ. ನಾವು ಓದಿ ಸಹಿ ಹಾಕಬೇಕು. ಮೊದಮೊದಲು ತಪ್ಪು ಹಿಡಿಯಲೆಂದೇ ಓದಿದೆ. ಒಂದೂ ಸಿಗಲಿಲ್ಲ. ನನ್ನ ಇಷ್ಟು ವರ್ಷದ ಬರವಣಿಗೆಗಿಂತ ಚೆನ್ನಾಗಿತ್ತು, ಹೊಟ್ಟೆ ಉರಿಯಿತು. ಸಿಟ್ಟಿಗೋ ಸೋಮಾರಿತನಕ್ಕೋ, ಓದುವುದನ್ನೇ ಬಿಟ್ಟೆ.

ಒಂದು ಬೆಳಿಗ್ಗೆ ಕಿಲಾರಿ ಓಡುತ್ತಲೇ ಬಂದ. ಜೈಲಿನ ಫೋನಿನಲ್ಲಿ ಊರಿನ ಸುದ್ದಿ ಸಿಕ್ಕಿತ್ತು.

"ದೊಡ್ಡೆತ್ತು ಮೇವು ಬಿಟ್ಟೈತಂತೆ ಸಾ. ಮಣ್ಣು ಮಾಡೋವಾಗ ನಾನಿರ್ಬೇಕು. ಪೆರೋಲ್ ಬರ್ಕೊಡ್ರಿ."

"ಆ ಮಿಷನ್ ಮುಂದೆ ಹೇಳಪ್ಪ, ಎರಡು ನಿಮಿಷದ ಕೆಲಸ," ಎಂದೆ.

ಅವನು ನನ್ನ ಮುಖವನ್ನೇ ನೋಡಿಕೊಂಡು ಮೈಕಿಗೆ ಎರಡು ಮಾತು ಹೇಳಿದ. ನಾನು ಕಣ್ಣುಮುಚ್ಚಿ ಸಹಿ ಹಾಕಿ ಮೇಲಕ್ಕೆ ಕಳಿಸಿದೆ.

ಅರ್ಜಿ ತಿರಸ್ಕೃತವಾಗಿ ವಾಪಸ್ಸು ಬಂತು. ಕೃಷಿ ಕೆಲಸಕ್ಕೆಂದು ಕೇಳಿರುವ ಅರ್ಜಿದಾರನ ಹೆಸರಿನಲ್ಲಿ ಜಮೀನಿನ ಪಹಣಿಯೇ ಇಲ್ಲ ಎಂದು ಷರಾ ಬರೆದಿದ್ದರು. ಆಗ ಅರ್ಜಿ ಓದಿದೆ. ಕಾಯಿಲೆ ಬಿದ್ದ ಎತ್ತು ಎಂದ ಕೂಡಲೇ ಯಂತ್ರ ಅದನ್ನು ಕೃಷಿಗೆ ಸೇರಿಸಿತ್ತು. ದೇವರ ಸುದ್ದಿಯೇ ಅದರಲ್ಲಿರಲಿಲ್ಲ. ಅಲ್ಲೇ ಕೂತು ಇನ್ನೊಂದು ಅರ್ಜಿಯನ್ನು ಕೈಯಲ್ಲಿ ಬರೆದೆ, ಎರಡು ಪುಟ. ಅದು ಸಾಹೇಬರ ಮೇಜು ದಾಟುವ ಮೊದಲೇ ಊರಿನಿಂದ ಫೋನು ಬಂತು. ಎತ್ತು ಹೋಗಿತ್ತು, ಮಣ್ಣು ಮಾಡಿಯೂ ಆಗಿತ್ತು.

ನಾನೇ ಹೋಗಿ ಹೇಳಿದೆ. ಅರ್ಜಿ ಯಾಕೆ ತಿರುಗಿ ಬಂತೆಂಬುದನ್ನೂ ಮುಚ್ಚಿಡಲಿಲ್ಲ. ಅವನು ಗೋಡೆಗೆ ಒರಗಿ ಕೂತ.

"ಕಳಿಸೋಕೆ ಮುಂಚೆ ನೀವು ಓದಿದ್ರೇನ್ ಸಾ?"

"ಇಲ್ಲ."

"ಅದು ದೇವರೆತ್ತು ಅಂತ ನಾನು ಆ ಮಿಷನ್‌ಗೆ ಹೇಳ್ಲೇ ಇಲ್ಲ ಸಾ. ಎದುರಿಗೆ ನೀವಿದ್ರಿ. ನಿಮಗೆ ಗೊತ್ತೈತಲ್ಲ ಅಂದ್ಕಂಡೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈಗ ಬರುವ ಪ್ರತಿಯೊಂದು ಅರ್ಜಿಯನ್ನೂ ಎರಡೆರಡು ಸಲ ಓದುತ್ತೇನೆ. ಅವನದು ಮಾತ್ರ ಬಂದಿಲ್ಲ.