ಮಾಲಕರ ಬೆಕ್ಕಿನ ಕಲೇಜಿ

ದೋಸ್ತರ, ಸುರಪುರದಾಗ ನಮ್ಮ ಮನಿ ಮಾಲಕರ ಬೆಕ್ಕಿಗೆ ದನದ ಡಾಕ್ಟರು ಹಸೀ ಖಂಡ ಹಾಕ್ರಿ ಅಂದಾರ. ಮಾಲಕರ ಮನಿಯವರು ಖಂಡ ಮುಟ್ಟಂಗಿಲ್ಲ. ಹಂಗಾಗಿ ತಂದು, ಹೆಚ್ಚಿ ಹಾಕೋ ಕೆಲಸ ಬಾಡಿಗಿಗಿರೋ ಮಾಸ್ತರಂದು, ಅಂದ್ರ ನಂದು. "ಮನ್ಯಾಗ ಖಂಡ ಕುದಿಸಂಗಿಲ್ಲ" ಅಂತ ಮಾತು ತಗೊಂಡು ನನಗ ಖೋಲಿ ಕೊಟ್ಟವರೂ ಅವರ.

ಇವತ್ತ ಮುಂಜಾನಿ ಅಂಗಳದಾಗ ಬೆಕ್ಕಿಗಂತ ಕೋಳಿ ಕಲೇಜಿ, ಅದ ಲಿವರ್, ಹೆಚ್ಚಾಕತ್ತಿದ್ದೆ. ಮಾಲಕರ ಹೆಂಡ್ತಿ ಬಾಗಲದಾಗ ನಿಂತಿದ್ರು. ಧೈರ್ಯ ಮಾಡಿ ಕೇಳೇ ಬಿಟ್ಟೆ: "ಅವ್ವಾರ, ಐತವಾರಕ್ಕೊಮ್ಮೆ ನಾನೂ ಒಂದೀಟು ಕುದಿಸ್ಕೊಳ್ಳಲೇನ್ರಿ?"

"ಛೀ ಛೀ, ಮನಿ ಮೈಲಿಗಿ ಆಗ್ತದ್ರಿ ಮಾಸ್ತರ!"

"ಮತ್ತ ಬೆಕ್ಕು?"

"ಅದು ಹಸೀದ ತಿಂತದ, ಖಂಡ ಒಲಿ ಮ್ಯಾಲ ಏರಂಗಿಲ್ಲ. ಅದರ ಹುಟ್ಟುಗುಣರಿ. ಬ್ಯಾಡ ಅಂದ್ರ ನಮಗ ಪಾಪ ಹತ್ತತದ."

ನಾನೂ ಹುಟ್ಟಿದಾಗಿಂದ ಖಂಡ ಉಂಡವ ಅನ್ನೋ ಮಾತು ಬಾಯಿಗೆ ಬಂತು, ನುಂಗಿದೆ. ಈ ಊರಾಗ ನಮ್ಮಂಥವರು ಇನ್ನೊಂದು ಮನಿ ಹುಡುಕೋದು ಅಂದ್ರ ಏನು ಅಂತ ನನಗ ಗೊತ್ತದ.

ಬೆಕ್ಕು ಬಾಯಿ ನೆಕ್ಕೊಂತ ಒಳಗ ಹೋತು. ಸ್ವಲ್ಪ ಹೊತ್ತಿಗೆ ಒಳಗಿಂದ ಅವ್ವಾರ ನಗಿ ಕೇಳ್ತು: "ನೋಡ್ರಿ ಕಳ್ಳ, ದೇವರ ಜಗಲಿ ಮುಂದ ಮಲಗ್ಯದ!"

ಕಲೇಜಿ ತಿಂದ ಬೆಕ್ಕು ಜಗಲಿ ಮುಂದದ. ನಾಕು ವರ್ಷದಿಂದ ಖಂಡ ಬಿಟ್ಟ ನಾನು ಇನ್ನಾ ಅಂಗಳದಾಗ ಅದೀನಿ.