ಕೂರಿಗೆಯ ನಾಲ್ಕನೆಯ ತಾಳು

ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಎರಡು ವರ್ಷ ಊರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ನಾನು. ಎಂಬತ್ತರ ದಶಕದ ನಡುವಿನ ಮಾತು. ಶಲವಡಿಯ ಆಚೆಗಿನ ನಮ್ಮೂರಿನಲ್ಲಿ ಅಪ್ಪ ಬಡಿಗ. ಬಿತ್ತುವ ಕೂರಿಗೆ, ಕುಂಟೆ, ನೊಗ, ಚಕ್ಕಡಿ ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಅವ್ವ ತೀರಿಹೋಗಿದ್ದಳು. ನಾನು ಗಂಡನ ಮನೆ ಬಿಟ್ಟು ಬಂದವಳು. ಹುಬ್ಬಳ್ಳಿಯ ಡಾಕ್ಟರು, ಇದು ಪೊರೆಯಲ್ಲ, ನರವೇ ಒಣಗಿದೆ, ಏನೂ ಮಾಡಲಾಗದು ಅಂದ ದಿನ ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಹೇಳಿದ: "ಯಾರ ಮುಂದೂ ಬಾಯಿ ಬಿಡಬ್ಯಾಡವಾ. ಕುರುಡ ಬಡಿಗ್ಯಾನ ಕಡೆ ಯಾರ ಬರ್ತಾರ?"

ಅಂದಿನಿಂದ ಅವನು ಕಟ್ಟಿಗೆಯನ್ನು ಸವರಿ ಗುರುತು ಹೇಳುತ್ತಿದ್ದ, ನಾನು ಕೊರೆಯುತ್ತಿದ್ದೆ. ಯಾರಾದರೂ ಅಂಗಳಕ್ಕೆ ಬಂದರೆ ಬೈರಿಗೆಯನ್ನು ಅವನ ಕೈಗೆ ಕೊಟ್ಟು ನಾನು ಕಸಬರಿಗೆ ಹಿಡಿಯುತ್ತಿದ್ದೆ. ಬಿತ್ತುವಾಗ ಕೂರಿಗೆಗೆ ಕಾಳು ಬಿಡಲು ಹೆಂಗಸರೇ ಬೇಕು. ಅದೇ ಕೂರಿಗೆಗೆ ಹೆಂಗಸು ಉಳಿ ಮುಟ್ಟಿಸಿದರೆ ಬೆಳೆ ಕೆಡುತ್ತದಂತೆ. ಈ ಶಾಸ್ತ್ರ ಮಾಡಿದ ಪುಣ್ಯಾತ್ಮ ಒಂದು ದಿನವೂ ಉಡಿಯಲ್ಲಿ ಜೋಳ ಕಟ್ಟಿಕೊಂಡು ಎತ್ತಿನ ಹಿಂದೆ ನಡೆದಿರಲಿಕ್ಕಿಲ್ಲ. ಅದೇನೇ ಇರಲಿ, ಆ ಕೆಲಸ ನನಗೆ ಹಿಡಿಸಿತ್ತು. ಗಂಡನ ಮನೆಯಲ್ಲಿ ಏನು ಮಾಡಿದರೂ ತಪ್ಪಾಗುತ್ತಿತ್ತು. ಇಲ್ಲಿ ನಾನು ಕೊರೆದ ತೂತಿನಲ್ಲಿ ಕಟ್ಟಿಗೆ ಬಿಗಿಯಾಗಿ ಕೂತರೆ ದಿನವೆಲ್ಲ ಖುಷಿಯಾಗಿರುತ್ತಿದ್ದೆ.

ಆ ವರ್ಷ ಹಿಂಗಾರಿ ಮಳೆ ತಡವಾಗಿ ಬಿದ್ದು, ಎಲ್ಲರಿಗೂ ಒಮ್ಮೆಲೇ ಬಿತ್ತುವ ಅವಸರ. ಕೆಳಗಿನ ಓಣಿಯ ರೈತನೊಬ್ಬನಿಗೆ ನಾಲ್ಕು ತಾಳಿನ ಹೊಸ ಕೂರಿಗೆ ಬೇಕಿತ್ತು. ತಾಳು ಅಂದರೆ ನೆಲ ಸೀಳುವ ಕಾಲುಗಳು. ದಪ್ಪ ಜಾಲಿಯ ದಿಂಡಿನಲ್ಲಿ ಅವುಗಳನ್ನು ಕೂಡಿಸಬೇಕು. ತಾಳಿನಿಂದ ತಾಳಿಗೆ ಎರಡು ಗೇಣು, ಅದೂ ಅಪ್ಪನ ಗೇಣು. ಮೂರು ತಾಳು ಕೂಡಿಸುವ ಹೊತ್ತಿಗೆ ಅಪ್ಪ ಜ್ವರ ಏರಿ ಮಲಗಿಬಿಟ್ಟ. ನಾಲ್ಕನೆಯದನ್ನು ನಾನೇ ಮುಗಿಸಿದೆ. ನನ್ನ ಗೇಣು ಅಪ್ಪನದಕ್ಕಿಂತ ಎರಡು ಬೆರಳು ಸಣ್ಣದೆಂದು ಗೊತ್ತಿತ್ತು, ಅದಕ್ಕೇ ಎರಡು ಬೆರಳು ಕೂಡಿಸಿದೆ. ಎರಡು ಗೇಣಿಗೆ ನಾಲ್ಕು ಬೆರಳು ಕೂಡಿಸಬೇಕಿತ್ತು! ಮೊದಲಿನ ಸಂದಿಗೆ ಒಂದು ದಾರ ಹಿಡಿದು ನೋಡಿದ್ದರೆ ಸಾಕಾಗಿತ್ತು. ಆದರೆ ಜಂಬ. ಅಪ್ಪ ಎಂದೂ ದಾರ ಹಿಡಿದವನಲ್ಲ, ನಾನೇಕೆ ಹಿಡಿಯಲಿ? ಮರುದಿನ ಅಪ್ಪ ಏಳುವ ಮೊದಲೇ ರೈತ ಬಂದು ಕೂರಿಗೆ ಒಯ್ದ.

ಬಿತ್ತಿಗೆಯಲ್ಲಿ ಏನೂ ತಿಳಿಯಲಿಲ್ಲ. ಮೂರು ವಾರದ ಮೇಲೆ ಕಸ ತೆಗೆಯಲು ಸಾಲಿನ ನಡುವೆ ಎಡೆಕುಂಟೆ ಹೊಡೆದಾಗ ತಿಳಿಯಿತು. ಕುಂಟೆಯ ಕುಡ, ಅಂದರೆ ಕಬ್ಬಿಣದ ಅಲಗು, ಆ ಇಕ್ಕಟ್ಟಿನ ಸಂದಿಯಲ್ಲಿ ಹಿಡಿಯದೆ ಎಳೆ ಜೋಳವನ್ನೇ ಕೊಯ್ದುಹಾಕಿತು. ಹಾಗಾಗಿ ಆ ಸಂದಿಗಳನ್ನೆಲ್ಲ ಹಾಗೇ ಬಿಡಬೇಕಾಯಿತು. ಹೊಲದ ತುಂಬ ಪಟ್ಟಿಪಟ್ಟಿಯಾಗಿ ಕಸ ಎದ್ದು, ಅಣ್ಣಿಗೇರಿ ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ರೈತ ಕೂರಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದ. ಹಿಂದೆ ಏಳೆಂಟು ಜನ. ಅಪ್ಪ ಕೂತು ತಾಳುಗಳ ನಡುವೆ ಗೇಣು ಹಾಕಿದ. ಮೂರನೆಯ ಸಂದಿಗೆ ಬಂದಾಗ ಅವನ ಕೈ ನಿಂತಿತು. ಅವನಿಗೆ ಎಲ್ಲ ತಿಳಿಯಿತು, ಅವನಿಗೆ ತಿಳಿಯಿತೆಂದು ನನಗೂ ತಿಳಿಯಿತು.

"ಕಾಕಾ, ಇದು ನಿಮ್ಮ ಕೈ ಅಲ್ಲರಿ," ಅಂದ ರೈತ. "ಖರೇ ಹೇಳ್ರಿ, ಯಾರ ಮಾಡ್ಯಾರ?" ಹಾಗೆ ಕೇಳುತ್ತ ನನ್ನ ಕಡೆ ನೋಡಿದ. ಉಳಿದವರೂ ನೋಡಿದರು.

"ನಂದ ಕೈರಿ," ಅಂದ ಅಪ್ಪ. "ಕಣ್ಣ ಹೋಗ್ಯಾವ ನನಗ. ಎರಡ ವರ್ಷ ಆತು. ಅಗದಿ ಏನೂ ಕಾಣಂಗಿಲ್ಲ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೈತ, "ಹೋಗ್ಲಿ ಬಿಡ್ರಿ ಕಾಕಾ," ಎಂದು ದನಿ ಇಳಿಸಿದ. ನಾನು ಮಾಡಿದ್ದು ಅನ್ನಬೇಕಿತ್ತು, ಅನ್ನಲಿಲ್ಲ. ಗಂಡ ಬಿಟ್ಟವಳ ಕೈ ತಾಗಿತು, ಅದಕ್ಕೇ ಬೆಳೆ ಕೆಟ್ಟಿತು ಅನ್ನುತ್ತಾರೆಂಬ ಹೆದರಿಕೆ. ನಾನು ಹೇಡಿ. ಇವತ್ತಿಗೂ ಅದಕ್ಕೆ ಬೇರೆ ಹೆಸರು ಸಿಕ್ಕಿಲ್ಲ.

ಮುಂದಿನ ಬಿತ್ತಿಗೆಗೆ ನಮ್ಮ ಅಂಗಳಕ್ಕೆ ಒಬ್ಬರೂ ಕೆಲಸ ತರಲಿಲ್ಲ. ನವಲಗುಂದದಿಂದ ಕಬ್ಬಿಣದ ಕೂರಿಗೆ ಬಂದವು. ನಾನು ಉಳಿ ಹಿಡಿಯಲಿಲ್ಲ, ಅಪ್ಪ ಹಿಡಿ ಅನ್ನಲೂ ಇಲ್ಲ. ಅವನು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಹಾದಿಯಲ್ಲಿ ಹೋಗುವವರು ಹತ್ತಿರ ಬಂದು, ಕಿವುಡನಿಗೆ ಹೇಳುವಂತೆ ಜೋರಾಗಿ ತಮ್ಮ ಹೆಸರು, ತಮ್ಮ ಅಪ್ಪನ ಹೆಸರು ಹೇಳಿ ಮಾತಾಡಿಸುತ್ತಿದ್ದರು. ದನಿ ಕೇಳಿಯೇ ಅವನು ಊರಿನ ಎಲ್ಲರನ್ನೂ ಬಲ್ಲವನು. ಆದರೂ ಸುಮ್ಮನೆ, "ಹೌದ್ರಿ, ಬರ್ರಿ," ಅನ್ನುತ್ತಿದ್ದ.

ಒಂದು ಮಧ್ಯಾಹ್ನ ನೀರಿನ ತಂಬಿಗೆ ಕೊಡುತ್ತ, ಅರಿವಿಲ್ಲದೆ ನಾನೂ ಅವರಂತೆ ಜೋರಾಗಿ ಅಂದುಬಿಟ್ಟೆ: "ಅಪ್ಪಾ, ನಾನು."

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

"ನೀನೂ ಚಾಲೂ ಮಾಡಿದೇನವಾ?" ಅಂದ.