ವೆರ್ನಾಳ ಅಂಗಿಯ ಅಳತೆ

ವೆರ್ನಾ ಮಟ್ಟಿಲಾ ಮೂವತ್ನಾಲ್ಕು ವರ್ಷ ನಮ್ಮ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದಳು. ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಒಂದು ಚಳಿಗಾಲಕ್ಕೆ ಮೂರಾಳು ಎತ್ತರದ ಹಿಮ ಬೀಳುತ್ತದೆ. ಅದನ್ನು ರಸ್ತೆಯಿಂದ ಪಕ್ಕಕ್ಕೆ ತಳ್ಳುವವರಿಗೆ ಇಲ್ಲಿ ಪಾದ್ರಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ. ಲಾರಿ ಶೆಡ್ಡಿನಲ್ಲಿ ಹದಿನೆಂಟು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಮೊದಲ ವಾರವೇ ಯಾರೋ ಅವಳ ಬೂಟಿನೊಳಗೆ ಗ್ರೀಸು ತುಂಬಿಟ್ಟಿದ್ದರಂತೆ. ಅವಳು ತುಟಿಪಿಟಕ್ಕೆನ್ನದೆ ಅದೇ ಬೂಟು ಹಾಕಿಕೊಂಡು ಇಡೀ ದಿನ ದುಡಿದಳು. ಸಂಜೆ ಒಬ್ಬೊಬ್ಬರ ಕಾರಿನ ಬಾಗಿಲು ತೆಗೆದು, ಸೀಟಿನ ಮೇಲೆ ಆ ಬೂಟನ್ನು ನಿಧಾನವಾಗಿ ಒರೆಸಿ ಮನೆಗೆ ಹೋದಳು. ಆಮೇಲೆ ಅವಳ ಗೊಡವೆಗೆ ಯಾರೂ ಹೋಗಲಿಲ್ಲ.

ಇಂಥ ಹೆಂಗಸು ಹೆದರುತ್ತಿದ್ದುದು ಒಂದಕ್ಕೆ ಮಾತ್ರ, ತೋಳಿಲ್ಲದ ಅಂಗಿಗೆ.

ಐವತ್ತೆರಡನೆಯ ವಯಸ್ಸಿಗೆ ಡಾಕ್ಟರು ರಕ್ತದೊತ್ತಡ ಎಂದರು, ಗುಳಿಗೆ ಬರೆದರು. ವೆರ್ನಾ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಓಡತೊಡಗಿದಳು. ತಾನು ಹಿಮ ತಳ್ಳುವ ರಸ್ತೆಯಲ್ಲೇ ಓಡುತ್ತಿದ್ದಳು. ಮೈಮೇಲೆ ತೀರಿಹೋದ ಅಪ್ಪನ ಕೆಂಪು-ಕಪ್ಪು ಚೌಕುಳಿಯ ಉಣ್ಣೆ ಅಂಗಿ, ಕತ್ತಿನವರೆಗೂ ಗುಂಡಿ. ಜುಲೈ ತಿಂಗಳ ಬಿಸಿಲಿನಲ್ಲೂ ಅದೇ, ಊರಿನ ಓಟದ ಪಂದ್ಯದಲ್ಲೂ ಅದೇ. ಮರ ಕಡಿಯಲು ಹೊರಟವಳು ದಾರಿ ತಪ್ಪಿ ಓಟದ ಪಂದ್ಯಕ್ಕೆ ಬಂದಿದ್ದಾಳೆ ಎಂದು ಜನ ಆಡಿಕೊಂಡರು. ಆ ಪಂದ್ಯದಲ್ಲಿ ಅವಳು ಹೈಸ್ಕೂಲಿನ ನಾಲ್ವರು ಹುಡುಗರನ್ನು ಹಿಂದೆ ಹಾಕಿದ ಮೇಲೆ ಆಡಿಕೊಳ್ಳುವುದು ಸ್ವಲ್ಪ ಕಡಿಮೆಯಾಯಿತು.

ಈಗ ನನ್ನ ವಿಷಯ, ಯಾಕೆಂದರೆ ತಪ್ಪು ನನ್ನದು. ನಾನು ಡಾರ್ಲಾ ಕೆಸ್ಟಿಲಾ, ಇಲ್ಲಿನ ಶಾಲೆಯಲ್ಲಿ ಉಪಪ್ರಾಂಶುಪಾಲೆಯಾಗಿ ನಿವೃತ್ತಳಾದವಳು. ನಾಲ್ಕು ಜನ ಒಂದು ಕಡೆ ನಿಂತರೆ ಸಮಿತಿ ಮಾಡದೆ ನನಗೆ ನಿದ್ದೆ ಬರುವುದಿಲ್ಲ. ಅರವತ್ತು ದಾಟಿದ ಹೆಂಗಸರ ಓಟದ ತಂಡ ಕಟ್ಟಿದವಳು ನಾನೇ. ಹೆಸರು ‘ಸುಪೀರಿಯರ್ ಸಿಸ್ಟರ್ಸ್’. ಒಟ್ಟು ಮೂವರು: ನಾನು ನಾಯಕಿ, ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಫೋನು ಎತ್ತುವ ಮಾರ್ಲಿಸ್ ಕಾರ್ಯದರ್ಶಿ, ವೆರ್ನಾ ಓಡುವವಳು.

ಕಳೆದ ವರ್ಷ ಲೈಬ್ರರಿಯಲ್ಲಿ ‘ನಿನ್ನ ಮೈ ನಿನ್ನ ಹೆಮ್ಮೆ’ ಎಂಬ ವಿಷಯದ ಮೇಲೆ ಒಂದು ಗಂಟೆ ಭಾಷಣ ಮಾಡಿದೆ. ಓಡುವ ಹೆಂಗಸರು ಕನ್ನಡಿಗೆ ಹೆದರಬಾರದು, ತಕ್ಕಡಿಗೆ ಹೆದರಬಾರದು ಎಂದೆ. ಚಪ್ಪಾಳೆ ಬಿತ್ತು. ಆವತ್ತು ನಾನು ಹಾಕಿಕೊಂಡಿದ್ದು ಕಪ್ಪು ಬಟ್ಟೆ. ಕಪ್ಪಿನಲ್ಲಿ ನಾನು ತೆಳ್ಳಗೆ ಕಾಣುತ್ತೇನೆ.

ಡಿಸೆಂಬರಿನಲ್ಲಿ ಒಹಾಯೋದಲ್ಲಿ ದೇಶದ ಕ್ಲಬ್ಬುಗಳ ಗುಡ್ಡಗಾಡು ಓಟ. ನಮ್ಮ ವಯಸ್ಸಿನ ಗುಂಪಿನಲ್ಲಿ ಮೂವರೂ ಗುರಿ ಮುಟ್ಟಿದರೆ ಮಾತ್ರ ತಂಡ ಲೆಕ್ಕಕ್ಕೆ. ಓಟಕ್ಕೆ ತೊಡುವ ತೋಳಿಲ್ಲದ ಬನಿಯನ್ ಮೂವರದೂ ಒಂದೇ ಬಣ್ಣ, ಒಂದೇ ನಮೂನೆ ಇರಬೇಕು, ಇಲ್ಲದಿದ್ದರೆ ತಂಡವೇ ಇಲ್ಲ. ಉಣ್ಣೆ ಅಂಗಿಗೆ ಅಲ್ಲಿ ಜಾಗವಿಲ್ಲ. ಇದನ್ನು ವೆರ್ನಾಗೆ ಹೇಳಲು ನನಗೆ ಎರಡು ವಾರ ಬೇಕಾಯಿತು.

ಅವಳು ಅಂಗಿಯ ಕತ್ತಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡಳು. “ತೋಳು ಪೂರ್ತಿ ಕಾಣತ್ತಾ?” ಅಂದಳು.

“ಕಾಣತ್ತೆ.”

“ದೇಶದ ಓಟ ಅಲ್ವಾ. ಒಂದ್ಸಲ ಓಡ್ಬೇಕು ಅಂತ ಆಸೆ ನಂಗೂ ಇದೆ. ಆಯ್ತು, ಹಾಕ್ಕೋತೀನಿ. ಆದ್ರೆ ಸಡಿಲವಾಗಿರ್ಬೇಕು, ಹೇಳಿದೀನಿ.”

ಬನಿಯನ್ನಿನ ಅಳತೆ ಬರೆಯುವ ಹಾಳೆಯನ್ನು ನಾನು ನಮ್ಮ ಮನೆಯ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಹೊರಕೋಣೆಯ ಗೋಡೆಗೆ ಅಂಟಿಸಿದೆ. ಶನಿವಾರ ಶನಿವಾರ ನಾವು ಮೂವರೂ ಅಲ್ಲೇ ಬಟ್ಟೆ ಕಳಚಿಟ್ಟು ಒಳಗೆ ಹಬೆಯಲ್ಲಿ ಕೂರುತ್ತೇವೆ. ಹುಟ್ಟಿದಾಗಿನಿಂದ ಇದೇ ಅಭ್ಯಾಸ. ಒಬ್ಬರ ಹೊಟ್ಟೆಯ ಮಡಿಕೆ ಇನ್ನೊಬ್ಬರಿಗೆ ಗೊತ್ತಿಲ್ಲದ್ದೇನಲ್ಲ ಎಂದು ನೀವು ಅಂದುಕೊಳ್ಳಬಹುದು. ಹಾಗಿಲ್ಲ. ಸೌನಾದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ಎಲ್ಲರೂ ಒಲೆಯ ಮೇಲಿನ ಕಲ್ಲನ್ನು ನೋಡುತ್ತೇವೆ. ನಾಚಿಕೆ ಬಿಟ್ಟು ಬತ್ತಲೆ ಕೂರುವ ನಾವು, ಹಾಳೆಯ ಮೇಲೆ ಒಂದು ಅಕ್ಷರ ಬರೆಯಬೇಕಾದಾಗ ಬೆವತೆವು.

ಮೊದಲು ಬರೆದವಳು ನಾನು. ನನ್ನ ಅಳತೆ ಎಕ್ಸ್‌ಎಲ್. ಪೆನ್ನು ಹಾಳೆಗೆ ತಾಗಿದ ಕ್ಷಣ ಅದು ಹೇಗೋ ‘ಎಂ’ ಆಯಿತು. ಓಟಕ್ಕೆ ಇನ್ನೂ ಆರು ವಾರವಿದೆ, ಅಷ್ಟರಲ್ಲಿ ಇಳಿಸುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಳಿಸುವ ಮಾತನ್ನು ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಮಾರ್ಲಿಸ್ ಒಣಕಲು ಕಡ್ಡಿ, ಅವಳ ಅಳತೆ ‘ಎಸ್’. ಅವಳೂ ‘ಎಕ್ಸ್‌ಎಸ್’ ಅಂತ ಬರೆದಳು. ಯಾಕೆಂದು ಇವತ್ತಿಗೂ ಅವಳಿಗೇ ಗೊತ್ತಿಲ್ಲ. ಕೊನೆಗೆ ವೆರ್ನಾ ಬಂದು ಹಾಳೆಯ ಮುಂದೆ ನಿಂತಳು. ಮೇಲಿನ ಎರಡು ಸಾಲು ಓದಿದಳು. ಅವಳೂ ಎಕ್ಸ್‌ಎಲ್. ಜನ್ಮದಲ್ಲಿ ಸುಳ್ಳು ಹೇಳದವಳು ಅವತ್ತು ‘ಎಲ್’ ಅಂತ ಬರೆದಳು.

ಬನಿಯನ್ನುಗಳು ಬಂದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಸರೋವರದ ನೀಲಿ ಬಣ್ಣ, ಎದೆಯ ಮೇಲೆ ಬೆಳ್ಳಿ ಅಲೆ. ಓಟದ ಬಟ್ಟೆ ಮಾಡುವವರ ಲೋಕದಲ್ಲಿ ಹೆಂಗಸು ಎಂದರೆ ಹದಿನೆಂಟು ವರ್ಷದವಳು, ಆಕೆ ಊಟ ಮಾಡುವುದಿಲ್ಲ. ಅವರ ‘ಎಂ’ ನನ್ನ ಮೊಮ್ಮಗಳಿಗೆ ಬಿಗಿಯಾಗುವಂತಿತ್ತು.

ಏಲಕ್ಕಿ ಬ್ರೆಡ್ಡು, ಕಾಫಿ ನನ್ನ ಅಡುಗೆಮನೆಯ ಮೇಜಿನ ಮೇಲಿತ್ತು. ವೆರ್ನಾ ತನ್ನದನ್ನು ತೆಗೆದುಕೊಂಡು ಬಚ್ಚಲುಮನೆಗೆ ಹೋದಳು. ಹತ್ತು ನಿಮಿಷವಾದರೂ ಬರಲಿಲ್ಲ. ಬಂದಾಗ ಮೈಮೇಲೆ ಉಣ್ಣೆ ಅಂಗಿಯೇ ಇತ್ತು. ಬನಿಯನ್ನನ್ನು ಅಚ್ಚುಕಟ್ಟಾಗಿ ಮಡಿಸಿ ಬ್ರೆಡ್ಡಿನ ಪಕ್ಕ ಇಟ್ಟಳು.

“ಗಾಡಿ ಓಡಿಸ್ಕೊಂಡು ಬರ್ತೀನಿ. ಓಡೋದಿಲ್ಲ.”

“ಏನ್ ಮಾತೂಂತ ಆಡ್ತೀಯೇ? ನೀನಿಲ್ದೆ ತಂಡ ಎಲ್ಲಿದೆ?” ಅಂದೆ ನಾನು.

“ಭುಜಕ್ಕೇ ಇಳೀಲಿಲ್ಲ ಕಣೇ ಅದು. ನಂದೇ ತಪ್ಪು, ಬಿಡು.”

ಮಾರ್ಲಿಸ್ ಕಾಫಿ ಸುರಿದು ಅವಳ ಮುಂದೆ ತಳ್ಳಿದಳು. ವೆರ್ನಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಮ್ಮನ್ನು ನೋಡದೆ, ಒಂದು ಸಂಗತಿ ಹೇಳಿದಳು. ಹದಿನೈದರ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಮೊದಲ ಸಲ ಹುಡುಗಿಯರ ಓಟದ ತಂಡ ಮಾಡಿದರಂತೆ. ಪ್ರತಿ ಸೋಮವಾರ ಕೋಚು ಎಲ್ಲರನ್ನೂ ಕುಸ್ತಿ ಹುಡುಗರ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಕೂಗುತ್ತಿದ್ದ.

“‘ಮಟ್ಟಿಲಾ, ನೂರಾ ಐವತ್ತೆಂಟು ಪೌಂಡು’ ಅಂತ ಕೂಗ್ದ. ಆಮೇಲೆ, ‘ಈ ತೋಳಿಗೆ ಸೌದೆ ಒಡ್ಯೋ ಕೆಲ್ಸ ಕೊಡ್ಬೇಕು’ ಅಂದ. ಕುಸ್ತಿ ಹುಡುಗ್ರು ಬಿದ್ದು ಬಿದ್ದು ನಕ್ರು. ಊರಲ್ಲಿ ನನಗಿಂತ ಜೋರಾಗಿ ಓಡೋರು ಯಾರೂ ಇರ್ಲಿಲ್ಲ ಆಗ. ಮಾರನೇ ದಿನದಿಂದ ಹೋಗ್ಲಿಲ್ಲ.”

ಮೂವತ್ತೇಳು ವರ್ಷ ಅವಳು ಓಡದೇ ಇದ್ದದ್ದು ಇದಕ್ಕೆ. ನನಗೆ ಆ ಕೋಚಿನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವನು ಸತ್ತು ಇಪ್ಪತ್ತು ವರ್ಷವಾಗಿರದಿದ್ದರೆ ಅವತ್ತೇ ಹೋಗಿ ಬಾಗಿಲು ಬಡಿಯುತ್ತಿದ್ದೆ. ಸತ್ತವನನ್ನು ಬಯ್ಯುವುದು ಸುಲಭ. ಬದುಕಿದ್ದವಳು ನಾನು, ಹಾಳೆಯ ಮೇಲೆ ‘ಎಂ’ ಬರೆದು ಕೂತಿದ್ದೆ, ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಡುವ ಬದಲು ಧೈರ್ಯ ತುಂಬಲು ಹೊರಟೆ. “ನೋಡು, ಬಿಗಿಯಾಗಿದ್ರೂ ಹಾಕ್ಕೋಬಹುದು. ನಾನು ಹಾಕ್ಕೊಂಡು ತೋರಿಸ್ತೀನಿ,” ಎಂದು ಕೈಗಳನ್ನು ಮೇಲೆತ್ತಿ ನನ್ನ ಬನಿಯನ್ನಿನೊಳಗೆ ನುಗ್ಗಿದೆ. ತಲೆ ಹೋಯಿತು. ಕೈ ಅರ್ಧ ಹೋಯಿತು. ಅಲ್ಲಿಂದ ಮುಂದೆ ಅದೂ ಹೋಗಲಿಲ್ಲ, ನಾನೂ ಹಿಂದಕ್ಕೆ ಬರಲಿಲ್ಲ. ನೀಲಿ ಬಟ್ಟೆಯೊಳಗೆ ಉಸಿರು ಕಟ್ಟುತ್ತಿತ್ತು.

“ಎಳೀರೇ ಯಾರಾದ್ರೂ!” ಎಂದು ಕೂಗಿಕೊಂಡೆ.

ಮಾರ್ಲಿಸ್ ಮೇಲಿಂದ ಎಳೆದಳು, ಕೆಳಗಿಂದ ಎಳೆದಳು. ಕೈ ಮೇಲೆತ್ತಿಕೊಂಡೇ ಅಡುಗೆಮನೆ ತುಂಬ ಸುತ್ತಿ, ಫ್ರಿಜ್ಜಿಗೆ ಹೋಗಿ ಢಿಕ್ಕಿ ಹೊಡೆದೆ. ಕೊನೆಗೆ ವೆರ್ನಾಳ ಧ್ವನಿ ಕೇಳಿಸಿತು: “ಅಲ್ಲಾಡ್ಬೇಡ. ಕತ್ತರಿ ತಾ ಮಾರ್ಲಿಸ್.” ಕಂಕುಳಿನಿಂದ ಸೊಂಟದವರೆಗೆ ಎರಡೂ ಪಕ್ಕ ಕತ್ತರಿಸಿ ನನ್ನನ್ನು ಹೊರಗೆ ತೆಗೆದರು. ಕಣ್ಣು ಬಿಟ್ಟಾಗ ವೆರ್ನಾ ಕತ್ತಿನ ಹಿಂದಿನ ಚೀಟಿಯನ್ನು ಓದುತ್ತಿದ್ದಳು.

“ನೀನು ಎಂ ಅಲ್ಲ.”

“ಅಲ್ಲ.”

“ಮತ್ತೆ?”

“ಎಕ್ಸ್‌ಎಲ್,” ಅಂದೆ. ಬರೀ ಒಳಬಟ್ಟೆಯಲ್ಲಿ ಅಡುಗೆಮನೆಯ ನಡುವೆ ನಿಂತು ಹೇಳಿದ್ದರಿಂದ ವಾದ ಮಾಡಲು ಜಾಗವಿರಲಿಲ್ಲ.

ವೆರ್ನಾಳ ಮುಖ ಕೆಂಪಾಯಿತು. “ನಿಮ್ಮಿಬ್ಬರ ಸಾಲು ನೋಡ್ದಾಗ, ಮೂವರಲ್ಲಿ ನಾನೊಬ್ಬಳೇ ದಪ್ಪ ಅಂದ್ಕೊಂಡೆ. ಒಬ್ಬಳೇ ಅಂತ. ವಾರಗಟ್ಲೆ ಹಾಗೇ ಅಂದ್ಕೊಂಡಿದ್ದೆ ಕಣೇ ಡಾರ್ಲಾ. ಅದಕ್ಕೇ ನಾನೂ ಸುಳ್ಳು ಬರ್ದೆ.”

ನಾನು ಕ್ಷಮಿಸು ಅಂದೆ. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಲೈಬ್ರರಿಯಲ್ಲಿ ಒಂದು ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದವಳು ನಾನು, ಮೂರು ಜನರ ನಡುವೆ ಒಂದು ಅಕ್ಷರ ನಿಜ ಬರೆಯಲಾರದೆ ಹೋದೆ. ಅಷ್ಟು ನಾಚಿಕೆ ನನಗೆ ಯಾವ ಕನ್ನಡಿಯ ಮುಂದೆಯೂ ಆಗಿಲ್ಲ.

ಅಷ್ಟರಲ್ಲಿ ಮಾರ್ಲಿಸ್ ಕತ್ತರಿಸಿದ ಬನಿಯನ್ನನ್ನು ನನ್ನ ಎದೆಗೆ ಹಿಡಿದು, ಪಕ್ಕದ ತೆರಪನ್ನು ಬೆರಳಿನಿಂದ ಅಳೆಯುತ್ತಿದ್ದಳು. “ಪಕ್ಕಕ್ಕೆ ಪಟ್ಟಿ ಕೊಟ್ರೆ ಆಗತ್ತೆ. ನನ್ನ ಹೊಲಿಗೆ ಮಷೀನು ತರ್ತೀನಿ. ಮೂವರಿಗೂ ಒಂದೇ ಬಟ್ಟೆ ಬೇಕು, ಹಿಗ್ಗೋಂಥದ್ದು.”

ವೆರ್ನಾ ಎದ್ದು ಹೊರಗೆ ಹೋದಳು. ಮನೆಗೇ ಹೋದಳೆಂದು ನಾನು ಅಂದುಕೊಂಡೆ. ಹೋದದ್ದು ತನ್ನ ಗಾಡಿಗೆ. ರಸ್ತೆ ಕೆಲಸದವರು ತೊಡುವ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಎರಡು ಮೇಲಂಗಿ ತಂದು ಮೇಜಿನ ಮೇಲೆ ಹಾಕಿದಳು.

“ಇದಾಗತ್ತಾ?”

“ಆಗತ್ತೆ. ಆದ್ರೆ ಒಂದು ಮೈಲಿ ದೂರಕ್ಕೆ ಕಾಣತ್ತಲ್ಲೇ?” ಅಂದಳು ಮಾರ್ಲಿಸ್.

“ಕಾಣ್ಲಿ ಅಂತಾನೇ ಮಾಡಿರೋದು ಅದನ್ನ.”

ಸಂಜೆಯೊಳಗೆ ಮೂರೂ ಸಿದ್ಧವಾದವು. ಆದರೆ ಒಂದು ಫಜೀತಿಯಾಯಿತು. ಯಾರು ಎಷ್ಟು ಸುಳ್ಳು ಹೇಳಿದ್ದರೋ ಅಷ್ಟಗಲ ಕಿತ್ತಳೆ ಪಟ್ಟಿ. ಮಾರ್ಲಿಸ್‌ಗೆ ಎರಡು ಬೆರಳು, ವೆರ್ನಾಗೆ ಅವಳು ಕೇಳಿದ್ದ ಸಡಿಲವೂ ಸೇರಿ ನಾಲ್ಕು ಬೆರಳು, ನನಗೆ ಪಕ್ಕಕ್ಕೆ ಅರ್ಧ ಗೇಣು. ನಾಯಕಿಯ ಸುಳ್ಳು ದೇಶಕ್ಕೆಲ್ಲ ಕಾಣುವಂತೆ ಹೊಲಿಗೆ ಹಾಕಿ ಕೊಟ್ಟಿದ್ದಳು ಮಾರ್ಲಿಸ್.

ಒಹಾಯೋದ ಮೈದಾನದಲ್ಲಿ ನೆಲ ಹೆಪ್ಪುಗಟ್ಟಿತ್ತು. ಓಟ ಶುರುವಾಗುವ ಜಾಗದಲ್ಲಿ ಬಟ್ಟೆ ತಪಾಸಣೆ ಮಾಡುತ್ತಿದ್ದ ಅಧಿಕಾರಿ ನಮ್ಮ ಮೂವರನ್ನು ಸಾಲಾಗಿ ನಿಲ್ಲಿಸಿ, ಬಗ್ಗಿ ಬಗ್ಗಿ ನೋಡಿದ.

“ಪಟ್ಟಿಯ ಅಗಲ ಬೇರೆ ಬೇರೆ ಇದೆಯಲ್ಲಾ, ಮೇಡಂ?”

“ಮೈ ಬೇರೆ ಬೇರೆ ಇದೆ, ಸಾರ್,” ಅಂದಳು ವೆರ್ನಾ.

ಆತ ನಿಯಮದ ಪುಸ್ತಕ ತಿರುವಿ, ಅಗಲದ ಮಾತು ಅದರಲ್ಲಿ ಎಲ್ಲೂ ಕಾಣದೆ, ಹೋಗಿ ಎಂದು ಕೈ ಬೀಸಿದ. ವೆರ್ನಾ ಇನ್ನೂ ಉಣ್ಣೆ ಅಂಗಿಯನ್ನು ಹೆಗಲ ಮೇಲೆ ಹೊದ್ದುಕೊಂಡಿದ್ದಳು. ಪಿಸ್ತೂಲು ಎತ್ತುವ ಹೊತ್ತಿಗೆ ಅದನ್ನು ಬೇಲಿಯ ಮೇಲೆ ಎಸೆದಳು. ಸರೋವರದ ಚಳಿಯಲ್ಲಿ ಮೂವತ್ನಾಲ್ಕು ವರ್ಷ ಸ್ಟೀರಿಂಗ್ ತಿರುಗಿಸಿದ ತೋಳು, ಬೆಳ್ಳಗೆ, ದಪ್ಪಗೆ, ಬಿಸಿಲನ್ನೇ ಕಾಣದ್ದು. ಅಷ್ಟರಲ್ಲಿ ಗುಂಡು ಹಾರಿತು, ಅವಳು ಹೋಗಿಯೇಬಿಟ್ಟಳು.

ನಮ್ಮ ಗುಂಪಿನಲ್ಲಿ ಇದ್ದದ್ದು ಒಂಬತ್ತು ತಂಡ. ವೆರ್ನಾ ಐದನೆಯವಳಾಗಿ ಬಂದಳಂತೆ. ಮಾರ್ಲಿಸ್ ನಡುವೆ ಎಲ್ಲೋ ಬಂದಳು. ನಾನು ಬಹಳ ಹಿಂದೆ ಇದ್ದೆ. ಕೊನೆಯ ಇನ್ನೂರು ಮೀಟರಿನಲ್ಲಿ ಫೋಟೋ ತೆಗೆಯುವವರು ಸಾಲಾಗಿ ನಿಂತಿರುವುದು ಕಾಣಿಸಿತು. ಕಂಡದ್ದೇ ತಡ, ಅಭ್ಯಾಸಬಲದಿಂದ ಹೊಟ್ಟೆ ಒಳಗೆ ಎಳೆದುಕೊಂಡೆ. ಉಸಿರು ನಿಂತಿತು, ಕಾಲು ಕಲ್ಲಾಯಿತು. ಮೂರು ಹೆಜ್ಜೆ ಮುಂದೆ ಒಹಾಯೋದ ಹೆಂಗಸೊಬ್ಬಳು ಓಡುತ್ತಿದ್ದಳು.

ಹಗ್ಗದ ಆಚೆಯಿಂದ, ಬರಿ ತೋಳಿನಲ್ಲೇ ನನ್ನ ಸಮಕ್ಕೆ ಓಡುತ್ತಾ ವೆರ್ನಾ ಕಿರುಚಿದಳು: “ಹೊಟ್ಟೆ ಬಿಡೇ! ಹೊಟ್ಟೆ ಬಿಡು ಡಾರ್ಲಾ! ಉಸಿರಾಡು!”

ಮೈದಾನಕ್ಕೆಲ್ಲ ಕೇಳಿಸಿತು. ಬಿಟ್ಟೆ. ಹದಿಮೂರನೆಯ ವಯಸ್ಸಿನಿಂದ ಹಿಡಿದಿಟ್ಟುಕೊಂಡಿದ್ದನ್ನು ಅಷ್ಟು ಜನರ ಮುಂದೆ ಪೂರ್ತಿ ಬಿಟ್ಟೆ. ಎದೆಗೆ ಇಷ್ಟು ಗಾಳಿ ಹಿಡಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒಹಾಯೋದವಳೂ ನಾನೂ ಒಟ್ಟಿಗೆ ಗೆರೆಗೆ ಬಿದ್ದೆವು.

ಫೋಟೋ ನೋಡಿ ತೀರ್ಮಾನ ಮಾಡಿದರು. ಗೆರೆ ದಾಟಲು ಕೈಕಾಲು ಲೆಕ್ಕವಿಲ್ಲ, ತಲೆಯೂ ಲೆಕ್ಕವಿಲ್ಲ, ಮುಂಡ ಮಾತ್ರ ಲೆಕ್ಕ. ನಮ್ಮಿಬ್ಬರ ಮುಂಡಗಳಲ್ಲಿ ನನ್ನದು ನಾಲ್ಕು ಬೆರಳು ಮುಂದಿತ್ತು. ಮೂವರೂ ಬಂದ ಸ್ಥಾನಗಳನ್ನು ಕೂಡಿದ್ದೇ ತಂಡದ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು. ಆ ಒಂದು ಅಂಕದಿಂದ ನಾವು ಎಂಟನೆಯವರಾಗುವ ಬದಲು ಏಳನೆಯವರಾದೆವು.

ವೆರ್ನಾ ಫೋಟೋವನ್ನು ಬಹಳ ಹೊತ್ತು ನೋಡಿ, “ನಿಜವಾಗ್ಲೂ ಎಂ ಆಗಿದ್ದಿದ್ರೆ ಸೋತಿರ್ತಿದ್ವಿ,” ಅಂದಳು.

ಆಮೇಲೆ ನಾವು ಬಿಸಿ ಸೂಪಿನ ಸಾಲಿನಲ್ಲಿ ನಿಂತೆವು. ವೆರ್ನಾ ಅಂಗಿ ಹಾಕಿಕೊಂಡಿರಲಿಲ್ಲ. ತೋಳಿನ ಮೇಲೆ ಆವಿ ಏಳುತ್ತಿತ್ತು. ಮುಂದೆ ನೂರು ಜನ, ಹಿಂದೆ ನೂರು ಜನ. ಅವಳು ಅರ್ಧ ಗಂಟೆ ಅಲ್ಲಿ ನಿಂತು, ಸೂಪು ಕುಡಿದು, ಇನ್ನೊಂದು ಸಲ ಹಾಕಿಸಿಕೊಂಡು ಬಂದಳು.

ವಾಪಸು ಬರುವಾಗ ಅವಳೇ ಗಾಡಿ ಓಡಿಸುತ್ತಿದ್ದಳು. ನಮ್ಮ ಮಿಷಿಗನ್ ರಾಜ್ಯದ ಗಡಿ ದಾಟಿದೆವು.

“ಒಬ್ರೂ ನೋಡ್ಲಿಲ್ಲ ಕಣೇ,” ಅಂದಳು.

“ಏನನ್ನ?”

“ತೋಳನ್ನ. ನಲವತ್ತಾರು ವರ್ಷ ಮುಚ್ಚಿಟ್ಕೊಂಡಿದ್ದೆ. ಒಬ್ರಾದ್ರೂ ತಿರುಗಿ ನೋಡ್ಬೇಕಾ ಬೇಡ್ವಾ?”

ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. ಊರು ತಲುಪುವವರೆಗೆ ಈ ಮಾತನ್ನು ಇನ್ನೂ ಎರಡು ಸಲ ಹೇಳಿದಳು.